ಸುಗತ ಇಡ್ಲಿ ಬಿಟ್ಟದ್ದು, ಮತ್ತೆ ಹಿಡಿದದ್ದು

ಹಲಸೂರಿನ ನಮ್ಮ ಬೀದಿಗೆ ಬಂದು ಸುಗತನ ಮನೆ ಯಾವುದು ಎಂದು ಕೇಳಿದರೆ ಹಳಬರು ಸ್ವಲ್ಪ ಯೋಚಿಸುತ್ತಾರೆ. ‘ಒಲ್ಲಿ’ಯ ಮನೆ ಎಂದು ಕೇಳಿದರೆ ಥಟ್ಟನೆ ಹಸಿರು ಗೇಟಿನತ್ತ ಕೈ ತೋರಿಸುತ್ತಾರೆ. ಒಲ್ಲಿ ಎಂದರೆ ತಮಿಳಿನಲ್ಲಿ ಸಣಕಲ. ಮೀಸೆ ಮೂಡುವ ಮೊದಲೇ ಅವನಿಗೆ ಬಿದ್ದ ಹೆಸರು ಅದು. ಅರವತ್ತು ದಾಟಿ, ತೂಕ ನೂರು ಕೆ.ಜಿ. ಮೀರಿದಾಗಲೂ ಆ ಹೆಸರೇ ಉಳಿದಿತ್ತು. ಹೊಸದಾಗಿ ಬಾಡಿಗೆಗೆ ಬಂದವರು ಅದನ್ನು ತಮಾಷೆ ಎಂದುಕೊಳ್ಳುತ್ತಿದ್ದರು.

ನಾನು ಅವನ ಎದುರು ಮನೆಯವನು. ಒಂದು ಕಾಲದಲ್ಲಿ ಗೋಲಿನ ಹಿಂದೆ ನಿಂತು ಅವನ ಫುಟ್‌ಬಾಲ್ ಆಟ ನೋಡಿದವನು. ಅದು ನೋಡುವಂಥ ಆಟವೇ ಆಗಿತ್ತು. ಅಷ್ಟುದ್ದ ಕೈಕಾಲು, ಮೈಮೇಲೆ ಮಾಂಸವೆಂಬುದಿಲ್ಲ. ಚೆಂಡು ಎಡಕ್ಕೆ ಬಂದರೆ ಅವನು ಎಡಕ್ಕೆ ಹಾರುತ್ತಿದ್ದ ಎನ್ನುವುದಕ್ಕಿಂತ ಗಾಳಿಗೆ ಬಟ್ಟೆ ಹಾರಿದಂತೆ ಹೋಗುತ್ತಿದ್ದ ಎನ್ನಬೇಕು. ಆ ಆಟ ನೋಡಿಯೇ ಹಳೆ ಮದ್ರಾಸ್ ರಸ್ತೆಯ ಕಾರ್ಖಾನೆಯೊಂದು ಅವನನ್ನು ಕರೆದು ಕೆಲಸ ಕೊಟ್ಟಿತು. ಹತ್ತು ಹನ್ನೆರಡು ವರ್ಷ ಕಾರ್ಖಾನೆಯ ತಂಡಕ್ಕೆ ಗೋಲ್‌ಕೀಪರ್ ಆಗಿದ್ದ. ಆಮೇಲೆ ಆಟ ನಿಂತಿತು, ಕ್ಯಾಂಟೀನಿನ ಊಟ ನಿಲ್ಲಲಿಲ್ಲ. ನಿವೃತ್ತನಾದ ಮೇಲೆ ಬೆಳಿಗ್ಗೆ ಕೆರೆ ಸುತ್ತ ನಡೆಯುವುದು, ನಡೆದ ಖುಷಿಗೆ ಬೇಕರಿಯಲ್ಲಿ ದಿಲ್‌ಪಸಂದ್ ತಿನ್ನುವುದು ಅಭ್ಯಾಸವಾಯಿತು.

ಹಳೇ ಆಟಗಾರರೆಲ್ಲ ಭಾನುವಾರ ಸೇರಿ ಒಂದಷ್ಟು ಹೊತ್ತು ಚೆಂಡು ಒದೆಯುವುದು ನಮ್ಮಲ್ಲಿ ರೂಢಿ. ಹೋದ ವರ್ಷದ ಬೇಸಿಗೆಯಲ್ಲಿ ಅಂಥ ಒಂದು ಭಾನುವಾರ ಸುಗತ ಚೆಂಡಿಗಾಗಿ ಪಕ್ಕಕ್ಕೆ ಬಿದ್ದ. ಚೆಂಡು ಕೈಗೆ ಸಿಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆದರೆ ಅವನು ಏಳಲಿಲ್ಲ. ಮಂಡಿ ಊರಲು ನೋಡಿದ, ಆಗಲಿಲ್ಲ. ಕೊನೆಗೆ ಇಬ್ಬರು ತೋಳು ಹಿಡಿದು ಎತ್ತಬೇಕಾಯಿತು. ಎಲ್ಲರೂ ನಕ್ಕರು, ಅವನೂ ನಕ್ಕ. 

ಮರುದಿನ ಹೆಂಡತಿ ಬೃಂದಾ ಅವನನ್ನು ಇಂದಿರಾನಗರದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ, ಮಂಡಿ ಸವೆಯುತ್ತಿದೆ, ತೂಕ ಇಳಿಸದೆ ಬೇರೆ ಉಪಾಯವಿಲ್ಲ ಎಂದರು ಆಕೆ.

“ಎರಡು ದಾರಿ ಇದೆ. ಒಂದು, ಅನ್ನ, ಇಡ್ಲಿ, ಮುದ್ದೆ, ಸಿಹಿ ಇವನ್ನೆಲ್ಲ ತುಂಬಾ ಕಮ್ಮಿ ಮಾಡಿ ಮೊಟ್ಟೆ, ಮಾಂಸ, ತರಕಾರಿ ಮೇಲೆ ಇರೋದು. ಲೋ ಕಾರ್ಬ್ ಅಂತಾರಲ್ಲ, ಅದು. ಇನ್ನೊಂದು, ಎಲ್ಲಾನೂ ತಿನ್ನೋದು, ಆದ್ರೆ ದಿನಕ್ಕೆ ಇಷ್ಟೇ ಕ್ಯಾಲೊರಿ ಅಂತ ಲೆಕ್ಕ ಇಟ್ಕೊಂಡು ತಿನ್ನೋದು.”

“ಯಾವುದು ಒಳ್ಳೇದು ಮೇಡಂ?”

“ಮೊದ್ಲನೇದ್ರಲ್ಲಿ ಶುರೂಲಿ ಬೇಗ ಇಳೀತೀರಿ, ಅದ್ರಲ್ಲಿ ಮೈಯಿಂದ ಹೋಗೋದು ನೀರೇ ಜಾಸ್ತಿ. ವರ್ಷ ಕಳೆದ್ಮೇಲೆ ನೋಡಿದ್ರೆ ಎರಡೂ ಹೆಚ್ಚೂಕಮ್ಮಿ ಒಂದೇ. ಬಿಡದೆ ನಡೆಸ್ಕೊಂಡು ಹೋಗೋಕೆ ನಿಮಗೆ ಯಾವುದು ಆಗುತ್ತೋ ಅದೇ ಒಳ್ಳೇದು.”

ಬೃಂದಾ ನರ್ಸಿಂಗ್ ಕಾಲೇಜೊಂದರ ಕಚೇರಿಯಲ್ಲಿ ಕೆಲಸ ಮಾಡುವವಳು. ಎಲ್ಲವೂ ಅಳತೆಯಲ್ಲಿರಬೇಕು ಎನ್ನುವ ಹೆಂಗಸು. ಅವಳು ಆವತ್ತೇ ಅಡುಗೆಮನೆಗೆ ಒಂದು ಪುಟ್ಟ ತಕ್ಕಡಿ ತಂದಳು, ಫೋನಿನಲ್ಲಿ ಕ್ಯಾಲೊರಿ ಲೆಕ್ಕ ಹಾಕುವ ಆ್ಯಪ್ ಹಾಕಿಕೊಂಡಳು. ಅದೇ ಸಂಜೆ ವಕಾರ್ ಬಂದ. ಸುಗತನ ಬಾಲ್ಯದ ತಂಡದಲ್ಲಿ ಎಡಬದಿಯಲ್ಲಿ ಓಡುತ್ತಿದ್ದವನು. ಶಿವಾಜಿನಗರದಲ್ಲಿ ಫ್ಯಾನು, ಮಿಕ್ಸಿಗಳ ಬಿಡಿಭಾಗದ ಅಂಗಡಿ ಇಟ್ಟಿದ್ದಾನೆ. ಹಿಂದಿನ ರಂಜಾನ್ ಕಳೆದ ಮೇಲೆ ಲೋ ಕಾರ್ಬ್ ಹಿಡಿದು ಹೊಟ್ಟೆ ಕರಗಿಸಿಕೊಂಡಿದ್ದ. ಕೂರುವ ಮೊದಲೇ ಬೆಲ್ಟು ಎಳೆದು ಹೊಸ ತೂತು ತೋರಿಸಿದ.

“ನೋಡು, ಇದು ನಾನೇ ಮೊಳೆ ಹೊಡೆದು ಮಾಡ್ಕೊಂಡಿದ್ದು. ಅನ್ನ ಬಿಟ್ಟೆ, ರೊಟ್ಟಿ ಬಿಟ್ಟೆ. ಕಬಾಬ್ ಬಿಟ್ಟಿಲ್ಲ! ಇಂಥಾ ಡಯಟ್ ಎಲ್ಲಿ ಸಿಗುತ್ತೋ ಮಗಾ?”

“ದಿನಾ ಕಬಾಬ್ ತಿಂದ್ರೆ ಆಯ್ತಾ? ಎಷ್ಟು ತಿಂತೀವಿ ಅನ್ನೋದು ಬೇಡ್ವಾ?” ಎಂದಳು ಬೃಂದಾ, ಸಕ್ಕರೆ ಇಲ್ಲದ ಟೀ ಮುಂದಿಡುತ್ತಾ.

“ಭಾಭಿ, ಊಟಾನ ತಕ್ಕಡಿ ಮೇಲೆ ಇಟ್ರೆ ಹೊಟ್ಟೆ ತುಂಬಲ್ಲ, ತಲೆ ತುಂಬುತ್ತೆ.”

ಸುಗತ ವಕಾರನ ದಾರಿ ಹಿಡಿದ. ಲೆಕ್ಕದ ಗೋಜಿಲ್ಲ ಎಂಬುದು ಒಂದು ಕಾರಣ. ಇನ್ನೊಂದನ್ನು ಅವನು ನನಗೆ ಆಮೇಲೆ ಹೇಳಿದ. ಹುಡುಗರಾಗಿದ್ದಾಗ ಪಂದ್ಯ ಮುಗಿಸಿ ಶಿವಾಜಿನಗರದ ಮೂಲಕ ನಡೆದು ಬರುವಾಗ ಕೆಂಡದ ಮೇಲೆ ಸೀಖ್ ಕಬಾಬ್ ಸುಡುತ್ತಿದ್ದ ಹೊಗೆಯೊಳಗೆ ಇಬ್ಬರೂ ಬೇಕೆಂದೇ ನಿಧಾನ ನಡೆಯುತ್ತಿದ್ದರಂತೆ. ತಿನ್ನಲು ಆಗುತ್ತಿರಲಿಲ್ಲ, ವಾಸನೆಯಷ್ಟೇ. ಈಗ ಅದೇ ಬೀದಿಯಲ್ಲಿ, ಅದೇ ಗೆಳೆಯನ ಜೊತೆ ಕೂತು, ವೈದ್ಯರ ಒಪ್ಪಿಗೆಯೊಂದಿಗೆ ತಟ್ಟೆ ತುಂಬ ತಿನ್ನಬಹುದು. ಪರೋಟ ಬೇಡ ಎನ್ನಬೇಕು, ನಿಂಬೆಹುಳಿ, ಈರುಳ್ಳಿ ಸಾಕು ಎನ್ನಬೇಕು, ಅಷ್ಟೇ. ಸಂಜೆಯಾದರೆ ಸಾಕು, ಬಸ್ಸು ಹತ್ತಿ ಹೋಗುತ್ತಿದ್ದ. ಅಂಗಡಿಯ ಶಟರು ಇಳಿಯುವವರೆಗೂ ಇಬ್ಬರೂ ಹಳೇ ಪಂದ್ಯಗಳನ್ನು ಮತ್ತೆ ಆಡುತ್ತಿದ್ದರು.

ತೂಕ ಸರಸರ ಇಳಿಯಿತು. ಪ್ಯಾಂಟು ಸಡಿಲವಾಯಿತು. “ಒಲ್ಲಿ ವಾಪಸ್ ಬರ್ತಾ ಇದ್ದಾನೆ ಗುರು” ಎಂದು ನನ್ನ ಭುಜ ತಟ್ಟಿದ. ಹಳೆಯ ಟ್ರಂಕಿನಿಂದ ತಂಡದ ಫೋಟೋ ತೆಗೆದು ಟಿ.ವಿ. ಪಕ್ಕದಲ್ಲಿ ಇಟ್ಟುಕೊಂಡ. ಅದರಲ್ಲಿ ಅವನು ಮಧ್ಯೆ ನಿಂತಿದ್ದಾನೆ, ಪಕ್ಕೆಲುಬು ಎಣಿಸಬಹುದು. ಆ ಮೈ ಮತ್ತೆ ಬೇಕು ಎಂಬುದೇ ಅವನ ತಲೆಯಲ್ಲಿ. ಬೇಗನೆ ತಲೆನೋವು, ಸಿಡುಕು ಶುರುವಾಯಿತು. ಕೆ.ಆರ್. ಪುರಂ ಪಕ್ಕದ ಹಳ್ಳಿಯಲ್ಲಿ ಹುಟ್ಟಿದ ಬೃಂದಾಗೆ ಮುದ್ದೆ ಇಲ್ಲದೆ ಆಗದು. ಅದನ್ನು ಅವಳು ಈಗ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದಳು, ಅವನ ಕಣ್ಣಿಗೆ ಬೀಳಬಾರದೆಂದು. ಮದುವೆಯಾದಾಗಿನಿಂದ ಒಟ್ಟಿಗೆ ಊಟಕ್ಕೆ ಕೂತವರು ಅವರು. ಅವಳೇನೂ ಹೇಳಲಿಲ್ಲ, ಅವನೂ ಗಮನಿಸಲಿಲ್ಲ.

ಮಳೆಗಾಲದ ಆರಂಭದಲ್ಲಿ ಶೇಷಮ್ಮ ಸುಗತನಿಗೆ ಫೋನ್ ಮಾಡಿದರು. ಶೇಷಮ್ಮ ಎಂದರೆ ಅಮರಪ್ಪನವರ ತಂಗಿ. ಅಮರಪ್ಪ ನಮ್ಮ ಬೀದಿಯ ಹುಡುಗರಿಗೆಲ್ಲ ಫುಟ್‌ಬಾಲ್ ಕಲಿಸಿದವರು, ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಮದುವೆಯಾಗಲಿಲ್ಲ. ವಿಧವೆಯಾದ ತಂಗಿ, ಅಣ್ಣ ಇಬ್ಬರೂ ಕಾಕ್ಸ್ ಟೌನಿನಲ್ಲಿ ಇರುತ್ತಾರೆ. ಸುತ್ತಲಿನ ಹಳೇ ಮನೆಗಳೆಲ್ಲ ಅಪಾರ್ಟ್‌ಮೆಂಟಾಗಿವೆ, ಅವರದೊಂದು ಹೆಂಚಿನ ಮನೆ ನಡುವೆ ಉಳಿದಿದೆ.

“ಅಣ್ಣ ನ್ಯುಮೋನಿಯಾ ಆಗಿ ಆಸ್ಪತ್ರೇಲಿದ್ದು ಬಂದ ಕಣಪ್ಪ. ಕಾಯಿಲೆ ಏನೋ ಹೋಯ್ತು, ಊಟಾನೇ ಬಿಟ್ಬಿಟ್ಟಿದ್ದಾನೆ. ತೂಕ ಏರಿಸ್ಬೇಕು ಅಂತಾರೆ ಡಾಕ್ಟ್ರು. ನೀನು ಬಂದು ಒಂದ್ಮಾತು ಹೇಳು.”

ಸುಗತ ಅದೇ ಬೆಳಿಗ್ಗೆ ಹೊರಟ. ಒಬ್ಬನೇ ಹೋಗಲು ಅವನಿಗೆ ಅಳುಕು, ನನ್ನನ್ನೂ ಕರೆದ. ಬಾಗಿಲು ತೆರೆದಾಗ ಆರಾಮಕುರ್ಚಿಯಲ್ಲಿ ಕೂತಿದ್ದವರನ್ನು ನೋಡಿ ಇಬ್ಬರೂ ಒಂದು ಗಳಿಗೆ ನಿಂತುಬಿಟ್ಟೆವು. ಮೈದಾನದ ಈ ತುದಿಯಿಂದ ಆ ತುದಿಗೆ ಕೇಳಿಸುವಂತೆ ಕೂಗುತ್ತಿದ್ದ ಮನುಷ್ಯ ಶಾಲಿನೊಳಗೆ ಎಲ್ಲಿದ್ದಾರೆ ಎಂದು ಹುಡುಕುವಂತಿತ್ತು. ಕಣ್ಣು ಮಾತ್ರ ಹಾಗೇ ಇತ್ತು.

“ಬಾರೋ. ದಪ್ಪ ಆಗಿದ್ದೀಯ ಅಂದಿದ್ರು, ಇಳಿದಿದ್ದೀಯಲ್ಲ” ಎಂದರು.

ಶೇಷಮ್ಮ ಎರಡು ತಟ್ಟೆಯಲ್ಲಿ ಇಡ್ಲಿ, ಕಡಲೆಕಾಯಿ ಚಟ್ನಿ ತಂದು ಒಂದನ್ನು ಅಣ್ಣನ ಮುಂದೆ, ಒಂದನ್ನು ಸುಗತನ ಮುಂದೆ ಇಟ್ಟರು. ನಾನು ತಿಂಡಿ ಮುಗಿಸಿ ಬಂದಿದ್ದೆನಾದ್ದರಿಂದ ಕಾಫಿ ಸಾಕೆಂದೆ. ಅಮರಪ್ಪ ತಮ್ಮ ತಟ್ಟೆ ಮುಟ್ಟಲಿಲ್ಲ.

“ತಿನ್ನು” ಎಂದರು ಸುಗತನಿಗೆ.

“ಇಡ್ಲಿ ಬಿಟ್ಟಿದ್ದೀನಿ ಸಾರ್. ಡಯಟ್ ಮಾಡ್ತಾ ಇದ್ದೀನಿ. ನೀವು ತಿನ್ನಿ.”

“ಹೌದಾ. ಹಂಗಾದ್ರೆ ನನಗೂ ಬೇಡ.” ತಟ್ಟೆಯನ್ನು ಮೆಲ್ಲನೆ ಆಚೆ ಸರಿಸಿದರು. ಸಿಟ್ಟೇನೂ ಇರಲಿಲ್ಲ. ಒಂದು ನೆಪ ಸಿಕ್ಕಿತೆಂಬ ಸಮಾಧಾನವಿತ್ತು, ಅಷ್ಟೇ. ಆಮೇಲೆ ಸುಗತ ಎಷ್ಟು ಹೇಳಿದರೂ ಮುಟ್ಟಲಿಲ್ಲ.

ಬೀಳ್ಕೊಡಲು ಶೇಷಮ್ಮ ಗೇಟಿನವರೆಗೂ ಬಂದರು. ಸೆರಗಿನಿಂದ ಕಣ್ಣೊರೆಸಿಕೊಂಡು, “ಒಬ್ಬನೇ ತಿನ್ನೋಕೆ ಆಗಲ್ಲ ಅಂತಾನೆ. ನಾನು ಜೊತೆಗೆ ಕೂತ್ರೂ ಆಗಲ್ಲ” ಎಂದರು.

“ಅವ್ರು ಮೊದ್ಲಿಂದ್ಲೂ ಹಂಗೇ ಅಲ್ವಾ ಅಮ್ಮ? ಗ್ರೌಂಡಲ್ಲಿ ಟಿಫನ್ ಕ್ಯಾರಿಯರ್ ಬಿಚ್ಚಿ, ‘ಒಬ್ಬನೇ ತಿನ್ನೋಕೆ ಆಗಲ್ಲ ಕಣ್ರೋ, ಬನ್ನಿ’ ಅಂತ ನಮ್ಮನ್ನೆಲ್ಲ ಕೂರಿಸ್ಕೋತಿದ್ರು.”

ಶೇಷಮ್ಮ ಅವನ ಮುಖವನ್ನೇ ನೋಡಿದರು. “ಅವನು ಮನೇಲಿ ತಿಂದೇ ಹೊರಡ್ತಿದ್ದ ಕಣಪ್ಪ. ಕ್ಯಾರಿಯರ್ ನಿಮಗೇ ಅಂತ ಕಟ್ತಿದ್ದೆ. ಸುಮ್ನೆ ಕೊಟ್ರೆ ಹುಡುಗ್ರು ತಗೊಳ್ಳಲ್ಲ, ನಾಚ್ಕೋತಾರೆ ಅಂತ ನಿಮ್ಮ ಜೊತೆ ಎರಡನೇ ಸಲ ತಿಂತಿದ್ದ.”

ಚರ್ಚಿನ ಗೋಡೆಯ ಪಕ್ಕ ನಡೆಯುತ್ತಾ ಬಂದೆವು. ಬೇಕರಿಯಿಂದ ಬಿಸಿ ಬನ್ನಿನ ವಾಸನೆ ಬರುತ್ತಿತ್ತು. ಅವನು ಅತ್ತ ತಿರುಗಿಯೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವನು ಮತ್ತೆ ಹೋದ. ಈ ಸಲ ಇಡ್ಲಿ ಮುರಿದು ಬಾಯಿಗಿಟ್ಟುಕೊಂಡ. ಅಮರಪ್ಪ ನೋಡುತ್ತಾ ಕೂತಿದ್ದು, ಕೊನೆಗೆ ತಾವೂ ಒಂದು ತುಂಡು ಮುರಿದರು. ಅವನು ಚಟ್ನಿ ಹಾಕಿಸಿಕೊಂಡರೆ ಅವರೂ ಹಾಕಿಸಿಕೊಂಡರು. ಒಂದು ಇಡ್ಲಿ ಮುಗಿಯುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಶೇಷಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತು ನೋಡುತ್ತಿದ್ದರಂತೆ.

ಅಲ್ಲಿಂದ ನೇರ ಮನೆಗೆ ಬಂದು ಅವನು ಬೃಂದಾಳನ್ನು ಕೇಳಿದ: “ನಿನ್ನ ಲೆಕ್ಕದಲ್ಲಿ ದಿನಾ ಬೆಳಿಗ್ಗೆ ಎರಡು ಇಡ್ಲಿ ತಿನ್ಬಹುದಾ?”

“ಧಾರಾಳವಾಗಿ. ಮಿಕ್ಕಿದ್ದನ್ನ ಅದಕ್ಕೆ ಸರಿಯಾಗಿ ಹೊಂದಿಸ್ಕೊಂಡ್ರಾಯ್ತು. ಯಾಕೆ?”

ಅವನು ಕಾರಣ ಹೇಳಿದ. ಬೃಂದಾ ಕಾಲೇಜಿಗೆ ಹೊರಟವಳು ಚೀಲ ಕೆಳಗಿಟ್ಟು, ಆ ದಿನದ ಮಧ್ಯಾಹ್ನದ ಊಟವನ್ನು ತಾನೇ ತೂಗಿ ಇಟ್ಟು ಹೋದಳು. ಸಂಜೆ ಅವಳು ಮುದ್ದೆ ಕಟ್ಟಿದಾಗ ಅವನು ತಟ್ಟೆ ಹಿಡಿದು ಅಡುಗೆಮನೆಗೇ ಹೋಗಿ ಅವಳ ಎದುರು ಕೂತ. “ನನಗೂ ಒಂದು ಸಣ್ಣದು. ತೂಗ್ಬಿಟ್ಟೇ ಹಾಕು” ಎಂದ.

ವಕಾರನಿಗೆ ಮಾತ್ರ ಬೇಜಾರಾಯಿತು. “ಅಷ್ಟು ಇಳಿದಿದ್ದೆ, ಈಗ ಹೋಗಿ ಇಡ್ಲಿಗೆ ಬಿದ್ಯಲ್ಲೋ! ಇನ್ಮೇಲೆ ಸಂಜೆ ಬರಲ್ಲ ಅನ್ನು” ಎಂದು ಫೋನು ಇಟ್ಟುಬಿಟ್ಟನಂತೆ. ಒಂದು ವಾರ ಇಬ್ಬರಿಗೂ ಮಾತಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಸುಗತ ಕಾಕ್ಸ್ ಟೌನಿಗೆ ಹೋದಾಗ ಅಮರಪ್ಪನ ಬಳಿ ವಕಾರನೇ ಕೂತಿದ್ದ, ಮೊಣಕಾಲ ಮೇಲೆ ಸ್ಟೀಲಿನ ಡಬ್ಬಿ. ಮನೆಯಲ್ಲಿ ಮೇಕೆ ಕಾಲಿನ ಸೂಪು ಮಾಡಿಸಿ ತಂದಿದ್ದ.

“ನನ್ನ ಡಯಟ್‌ಗೂ ಆಗುತ್ತೆ, ಸಾರ್‌ಗೂ ಶಕ್ತಿ ಬರುತ್ತೆ. ನೀನು ನಿನ್ನ ಇಡ್ಲಿ ತಿನ್ನಪ್ಪ” ಎಂದ, ಮುಖ ಆಚೆ ತಿರುಗಿಸಿಕೊಂಡು.

ಹೀಗೆ ಅದೊಂದು ಪದ್ಧತಿಯಾಯಿತು. ಸುಗತ ಹೆಚ್ಚುಕಡಿಮೆ ದಿನವೂ ಹೋಗುತ್ತಿದ್ದ, ವಕಾರ್ ಅಂಗಡಿ ತೆರೆಯುವ ಮೊದಲು ಆಗಾಗ. ನಾನೂ ಕೆಲವು ಸಲ ಜೊತೆಯಾದೆ. ತಿನ್ನುವುದಕ್ಕಿಂತ ಮಾತೇ ಹೆಚ್ಚು. ಹಲಸೂರು ಕೆರೆಯ ದಡದಲ್ಲಿ ಮಂಜಿನಲ್ಲಿ ಓಡಿದ್ದು, ಒಂದೇ ಜೊತೆ ಬೂಟನ್ನು ಇಬ್ಬರು ಅರ್ಧರ್ಧ ಆಟಕ್ಕೆ ಹಂಚಿಕೊಂಡದ್ದು, ದೊಮ್ಮಲೂರಿನಲ್ಲಿ ಈಗ ಫ್ಲೈಓವರ್ ಇರುವ ಕಡೆ ಅಂದಿದ್ದ ಬಯಲಿನಲ್ಲಿ ಹಸುಗಳನ್ನು ಓಡಿಸಿ ಪಂದ್ಯ ಶುರುಮಾಡಿದ್ದು. ಮಾತು ಏರಿದಂತೆ ಅಮರಪ್ಪನ ದನಿಯೂ ಏರುತ್ತಿತ್ತು. ಮಾತಿನ ಮಧ್ಯೆ ಕೈ ತಾನಾಗಿಯೇ ತಟ್ಟೆಗೆ ಹೋಗುತ್ತಿತ್ತು.

ಸುಗತನ ತೂಕ ಈಗ ನಿಧಾನಕ್ಕೆ ಇಳಿಯತೊಡಗಿತು. ಮೊದಲು ಸ್ವಲ್ಪ ಏರಿಯೇ ಬಿಟ್ಟಿತು. ಹೋದ ನೀರು ವಾಪಸ್ ಬಂತು, ಹೆದರಬೇಡಿ ಎಂದರು ಡಾಕ್ಟರಮ್ಮ. ಆಮೇಲೆ ಇಳಿಯಿತು, ನಿಂತಿತು, ಮತ್ತೆ ಇಳಿಯಿತು. ಫ್ರೇಜರ್ ಟೌನಿನ ಒಂದು ಮದುವೆಯಲ್ಲಿ ಬಿರಿಯಾನಿ ಮುಂದೆ ಲೆಕ್ಕವೆಲ್ಲ ಮರೆತು, ಮನೆಗೆ ಬಂದು ಬೃಂದಾಳ ಕಣ್ಣು ತಪ್ಪಿಸಿದ್ದೂ ಉಂಟು. ಅವಳು ಬೈಯಲಿಲ್ಲ. “ನಾಳೆ ಇದೆಯಲ್ಲ” ಎಂದಳು. ಆದರೆ ಆ ನಿಧಾನವನ್ನು ಅವನಿಗೆ ಸಹಿಸಲಾಗುತ್ತಿರಲಿಲ್ಲ. ಟಿ.ವಿ. ಪಕ್ಕದ ಫೋಟೋ ನೋಡಿ ನಿಟ್ಟುಸಿರು ಬಿಡುತ್ತಿದ್ದ. ಒಂದು ದಿನ ಅದನ್ನು ಕಾಕ್ಸ್ ಟೌನಿಗೂ ತೆಗೆದುಕೊಂಡು ಹೋಗಿ, ವಕಾರ್ ಕೂಡ ಇದ್ದಾಗ, ಅಮರಪ್ಪನ ಕೈಗೆ ಕೊಟ್ಟ.

“ನೋಡಿ ಸಾರ್, ಹೆಂಗಿದ್ದೆ. ಮತ್ತೆ ಒಲ್ಲಿ ಆಗ್ಬೇಕು ಅಂತ ಆಸೆ. ಈ ಜನ್ಮದಲ್ಲಿ ಆಗಲ್ಲ ಅನ್ಸುತ್ತೆ.”

ಅಮರಪ್ಪ ಫೋಟೋವನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

“ಆ ಹೆಸರು ನನಗೆ ಯಾವತ್ತೂ ಇಷ್ಟ ಆಗ್ಲಿಲ್ಲ ಕಣೋ. ಎಲ್ಲಾರೂ ನಗ್ತಾ ಕರೀತಿದ್ರು, ನೀನೂ ನಗ್ತಾ ಓ ಅಂತಿದ್ದೆ. ನಿಮ್ಮಪ್ಪನ ಕೆಲಸ ಹೋಗಿತ್ತು. ಮನೇಲಿ ಒಂದೇ ಹೊತ್ತು ಒಲೆ ಹಚ್ಚೋರು. ಅದು ಆಟಗಾರನ ಮೈ ಅಲ್ಲ ಸುಗತ, ಹಸಿದವನ ಮೈ. ಒಂದು ಬೆಳಿಗ್ಗೆ ಪ್ರಾಕ್ಟೀಸಲ್ಲಿ ನೀನು ತಲೆ ತಿರುಗಿ ಬಿದ್ದೆ, ನೆನಪಿದೆಯಾ? ಅವತ್ತಿಂದಾನೇ ಶೇಷಮ್ಮನಿಗೆ ಕ್ಯಾರಿಯರ್ ಕಟ್ಟು ಅಂದಿದ್ದು.”

ಸುಗತನಿಗೆ ಅದು ನೆನಪಿರಲಿಲ್ಲ. ಅಥವಾ ನೆನಪಿದ್ದದ್ದು ಬೇರೆ ರೀತಿ. ಬಿಸಿಲಿಗೆ ಬಿದ್ದೆ ಎಂದೇ ಅಂದುಕೊಂಡಿದ್ದ. ಮನೆಯಲ್ಲಿ ಅಮ್ಮ ‘ನನಗೆ ಹಸಿವಿಲ್ಲ’ ಎಂದು ಹೇಳುತ್ತಿದ್ದುದು, ತಾನೂ ಅದನ್ನೇ ಕಲಿತು ತಂಗಿಗೆ ಹೇಳುತ್ತಿದ್ದುದು ಅವನಿಗೆ ಆಗ ಒಮ್ಮೆಗೇ ನೆನಪಾಯಿತು. ದೊಡ್ಡ ದೇಹ ಕುಗ್ಗಿಸಿಕೊಂಡು ಬೆತ್ತದ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟ. ವಕಾರ್ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತುಕೊಂಡ. ಅಮರಪ್ಪ ಸುಗತನ ಬೆನ್ನ ಮೇಲೆ ಕೈ ಇಟ್ಟಿದ್ದರು.

“ಮಂಡಿ ನೋವು ಹೋಗ್ಲಿ ಅಂತ ಇಳಿಸು. ಸಕ್ಕರೆ ಕಾಯಿಲೆ ಬರಬಾರದು ಅಂತ ಇಳಿಸು. ಆ ಹುಡುಗ ಆಗ್ಬೇಕು ಅಂತ ಬೇಡ” ಎಂದರು ಕೊನೆಗೆ.

ಮನೆಗೆ ಬಂದ ಸುಗತ ಫೋಟೋವನ್ನು ಮತ್ತೆ ಟ್ರಂಕಿಗೆ ಹಾಕಿದ. ಅದಾದ ಮೇಲೆ ತೂಕದ ಯಂತ್ರದ ಜೊತೆ ಅವನ ಜಗಳ ಕಡಿಮೆಯಾಯಿತು. ಒಂದು ವಾರ ಇಳಿಯದಿದ್ದರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ದಸರೆಯ ಹೊತ್ತಿಗೆ ಮಂಡಿ ಹಿಡಿಯದೆ ಮೆಟ್ಟಿಲು ಹತ್ತುತ್ತಿದ್ದ. ರಕ್ತ ಪರೀಕ್ಷೆ ನೋಡಿ ಡಾಕ್ಟರಮ್ಮ, “ಹೊಸ್ತಿಲಿಂದ ಆಚೆ ಬಂದಿದ್ದೀರಿ, ಮತ್ತೆ ಒಳಗೆ ಕಾಲಿಡ್ಬೇಡಿ” ಎಂದರು. ಅಮರಪ್ಪನ ಕೆನ್ನೆಯೂ ಸ್ವಲ್ಪ ತುಂಬಿಕೊಂಡಿತ್ತು. ಒಂದು ಭಾನುವಾರ ಅವರನ್ನು ಆಟೋದಲ್ಲಿ ಮೈದಾನಕ್ಕೆ ಕರೆತಂದೆವು. ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಂಕಿ ಟೋಪಿ ಹಾಕಿಕೊಂಡು ಕೂತರು. ಸುಗತ ಗೋಲಿನಲ್ಲಿ ನಿಂತ. ವಕಾರ್ ಒದ್ದ ಚೆಂಡು ಅವನ ಕಾಲ ಸಂದಿಯಿಂದಲೇ ತೂರಿ ಹೋಯಿತು. “ಕಾಲು ಜೋಡಿಸೋ! ಎಷ್ಟು ವರ್ಷದಿಂದ ಹೇಳ್ತಾ ಇದ್ದೀನಿ!” ಎಂಬ ಕೂಗು ಮೈದಾನದ ಆ ತುದಿಗೂ ಕೇಳಿಸಿತು. ಅರವತ್ತು ದಾಟಿದವರೆಲ್ಲ ಒಟ್ಟಿಗೆ ಬೆಚ್ಚಿ ಸೆಟೆದು ನಿಂತೆವು.

ಅಮರಪ್ಪ ಜನವರಿಯ ಚಳಿಯಲ್ಲಿ ಹೋದರು. ನಿದ್ದೆಯಲ್ಲೇ. ಕೊನೆಯ ದಿನದವರೆಗೂ ಬೆಳಗಿನ ತಿಂಡಿ ತಿಂದರು ಎಂದು ಶೇಷಮ್ಮ ಬಂದವರಿಗೆಲ್ಲ ಹೇಳಿದರು. ಆ ಮಾತು ಹೇಳುವುದರಲ್ಲೇ ಅವರಿಗೆ ಸಮಾಧಾನವಿದ್ದಂತಿತ್ತು.

ವೈಕುಂಠ ಸಮಾರಾಧನೆಗೆ ಹಳೇ ಆಟಗಾರರೆಲ್ಲ ಸೇರಿದರು. ಹೆಂಚಿನ ಮನೆಯ ಅಂಗಳದಲ್ಲಿ ಉದ್ದಕ್ಕೂ ಎಲೆ ಹಾಕಿದರು. ವಕಾರ್ ಅನ್ನ ಬೇಡವೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದು ಬರೀ ಕೋಸಂಬರಿ, ಪಲ್ಯ ಹಾಕಿಸಿಕೊಂಡ. ಸುಗತ ಎಲ್ಲವನ್ನೂ ಒಂದೊಂದು ಸೌಟು ಹಾಕಿಸಿಕೊಂಡು, ಮನಸ್ಸಿನಲ್ಲೇ ಕೂಡಿಸುತ್ತಾ, ಪಾಯಸಕ್ಕೆ ಬಂದಾಗ ಬೃಂದಾಳತ್ತ ನೋಡಿದ. ಅವಳು ಆಗಲಿ ಎಂಬಂತೆ ತಲೆಯಾಡಿಸಿದಳು. ಶೇಷಮ್ಮ ಬಡಿಸುತ್ತಾ ಬಂದು ಇಬ್ಬರ ಎಲೆಯನ್ನೂ ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಇವನು ಅನ್ನ ತಿನ್ನಲ್ಲ, ನೀನು ಹಿಡಿಯಷ್ಟು ತಿಂತೀಯ. ನಿಮ್ಮನ್ನ ಸಾಕೋದು ಯಾವತ್ತೂ ಕಷ್ಟಾನೇ ಕಣ್ರೋ.”

ಊಟವಾದ ಮೇಲೆ ನಡೆದೇ ಹೊರಟೆವು. ಬಿಸಿಲು ಇಳಿದಿತ್ತು. ದಾರಿಯುದ್ದಕ್ಕೂ ಸುಗತ ಮತ್ತು ವಕಾರ್ ಮುಂದೆ, ನಾನು ಬೃಂದಾ ಹಿಂದೆ. ಅವರಿಬ್ಬರ ಜಗಳ ಶುರುವಾಗಿತ್ತು. ಮೊದಲು ಅನ್ನ ಒಳ್ಳೆಯದೋ ಕೆಟ್ಟದ್ದೋ ಎಂದು. ಹಲಸೂರು ಮುಟ್ಟುವ ಹೊತ್ತಿಗೆ ಅದು ನಲವತ್ತು ವರ್ಷ ಹಿಂದಿನ ಒಂದು ಪಂದ್ಯಕ್ಕೆ ತಿರುಗಿ, ಆ ಚೆಂಡು ಗೆರೆ ದಾಟಿತ್ತೋ ಇಲ್ಲವೋ ಎಂದು ಇಬ್ಬರೂ ಫುಟ್‌ಪಾತಿನ ಮೇಲೆ ನಿಂತು, ಕೈ ಬೀಸಿ ಬೀಸಿ ವಾದಿಸುತ್ತಿದ್ದರು.